ಪಹಣಿಯ ಗಣಕ ಪಯಣ: ಹಳೆಯದನ್ನು ಯಾವಾಗ ಬದಲಿಸಬೇಕು?

ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಒಂದು ಸಕ್ಕರೆ ಕಾರ್ಖಾನೆ ಇದೆ. ಯಾವ ಸಕ್ಕರೆ ಕಾರ್ಖಾನೆಯಲ್ಲೇ ಆಗಲಿ, ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಯಂತ್ರಗಳನ್ನು ಬಿಚ್ಚುತ್ತಾರೆ. ಸವೆದ ಉರುಳೆಗಳನ್ನು ಬದಲಿಸುತ್ತಾರೆ, ಬಾಯ್ಲರಿನ ಕೊಳವೆಗಳನ್ನು ತಿಕ್ಕುತ್ತಾರೆ. ಹಂಗಾಮು ನಡೆದಿರುವಾಗ, ಲಾರಿಗಳು ಸಾಲುಗಟ್ಟಿ ನಿಂತಿರುವಾಗ, ಯಾರೂ ಉರುಳೆಗೆ ಕೈ ಹಾಕುವುದಿಲ್ಲ. ಎಷ್ಟು ಸವೆದರೆ ಬದಲಿಸಬೇಕು, ಎಷ್ಟು ಸವೆದಿದ್ದರೂ ಇನ್ನೊಂದು ಹಂಗಾಮು ತಳ್ಳಬಹುದು ಎಂಬ ಲೆಕ್ಕ ಅಲ್ಲಿನ ಫಿಟ್ಟರುಗಳಿಗೆ ಕೈಬೆರಳಲ್ಲೇ ಇರುತ್ತದೆ.

ಅದೇ ಊರಿನ ರೈತರ ಬದುಕನ್ನು ಹಿಡಿದಿರುವ ಇನ್ನೊಂದು ಯಂತ್ರವಿದೆ. ಅದಕ್ಕೆ ಹಂಗಾಮು ಮುಗಿಯುವುದೇ ಇಲ್ಲ. ಸಾಲಕ್ಕೆ, ಬೆಳೆ ವಿಮೆಗೆ, ಬೆಂಬಲ ಬೆಲೆಯಲ್ಲಿ ತೊಗರಿ ಮಾರುವುದಕ್ಕೆ, ಅಣ್ಣತಮ್ಮಂದಿರು ಪಾಲಾಗುವುದಕ್ಕೆ, ಕೊನೆಗೆ ಕೋರ್ಟಿನಲ್ಲಿ ಜಾಮೀನು ನಿಲ್ಲುವುದಕ್ಕೂ ಅದರಿಂದ ಹೊರಬರುವ ಒಂದು ಹಾಳೆ ಬೇಕು. ಹಾಳೆಯ ಹೆಸರು ಪಹಣಿ. ಯಂತ್ರದ ಹೆಸರು ‘ಭೂಮಿ’. ಕರ್ನಾಟಕ ಸರ್ಕಾರದ ಈ ಸಾಫ್ಟ್‌ವೇರಿಗೆ ಈಗ ಕಾಲು ಶತಮಾನ ತುಂಬಿದೆ. ಗಣಕದ ಲೋಕದಲ್ಲಿ ಅದು ಅಜ್ಜನ ವಯಸ್ಸು.

ಹಳೆಯ ಸಾಫ್ಟ್‌ವೇರನ್ನು ಯಾವಾಗ ಬದಲಿಸಬೇಕು, ಯಾವಾಗ ತೇಪೆ ಹಾಕಿ ನಡೆಸಬೇಕು ಎಂಬುದು ಬೆಂಗಳೂರಿನ ಗಾಜಿನ ಕಟ್ಟಡಗಳೊಳಗಿನ ಇಂಜಿನಿಯರುಗಳ ಪ್ರಶ್ನೆ ಎಂದು ನಾವು ತಿಳಿದಿದ್ದೇವೆ. ಆದರೆ ಕರ್ನಾಟಕದಲ್ಲಿ ಈ ಪ್ರಶ್ನೆಗೆ ಅತ್ಯಂತ ದುಬಾರಿಯಾದ ಉತ್ತರವೊಂದು ಮೊದಲು ಸಿಕ್ಕಿದ್ದು ಗುಲ್ಬರ್ಗ ಜಿಲ್ಲೆಯಲ್ಲಿ, 1991ರಲ್ಲಿ. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾಗದವೂ ಒಂದು ಯಂತ್ರವೇ

ಹೈದರಾಬಾದ್ ಸಂಸ್ಥಾನದಲ್ಲಿ ದಿವಾನ ಮೊದಲನೆಯ ಸಾಲಾರ್ ಜಂಗ್ 1865ರಲ್ಲಿ ‘ಜಿಲ್ಲಾಬಂದಿ’ ಜಾರಿಗೆ ತಂದ. ಕಂದಾಯವನ್ನು ಗುತ್ತಿಗೆದಾರರ ಕೈಗೆ ಒಪ್ಪಿಸುವ ಹಳೆಯ ಪದ್ಧತಿ ಹೋಗಿ, ಜಿಲ್ಲೆ, ತಾಲ್ಲೂಕು, ತಹಶೀಲ್ದಾರ ಎಂಬ ಏಣಿ ಬಂತು. ಅದರ ಹಿಂದೆಯೇ ಜಮೀನಿನ ಅಳತೆ, ಸರ್ವೆ ನಂಬರು, ಸೇತ್ವಾರು ಎಂಬ ಮೂಲ ದಾಖಲೆ ಬಂದವು. ಬರೆಯುವ ಭಾಷೆ ಮೊದಲು ಪಾರ್ಸಿ. 1880ರ ದಶಕದಲ್ಲಿ ಉರ್ದು. ವರ್ಷದ ಲೆಕ್ಕ ಫಸಲಿಯಲ್ಲಿ. ಹಳ್ಳಿಯ ಮಟ್ಟದಲ್ಲಿ ದಾಖಲೆ ಇಡುವವರು ವಂಶಪಾರಂಪರ್ಯದ ವತನದಾರ ಪಟವಾರಿಗಳು.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1954-55ರಲ್ಲಿ ಖಾಸ್ರಾ ಪಹಣಿ ತಯಾರಾಯಿತು. ಈ ಭಾಗದ ಜಮೀನಿನ ವ್ಯಾಜ್ಯಗಳಲ್ಲಿ ವಕೀಲರು ಇಂದಿಗೂ ಮೊದಲು ಕೇಳುವುದು ಅದನ್ನೇ. 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದವು. 1961ರ ಗ್ರಾಮ ಕಚೇರಿಗಳ ರದ್ಧತಿ ಅಧಿನಿಯಮದಿಂದ ವಂಶಪಾರಂಪರ್ಯದ ಹುದ್ದೆಗಳು ಹೋಗಿ, ಸಂಬಳದ ಗ್ರಾಮಲೆಕ್ಕಿಗರು ಬಂದರು. 1964ರ ಭೂಕಂದಾಯ ಅಧಿನಿಯಮ ಇಡೀ ರಾಜ್ಯಕ್ಕೆ ಒಂದೇ ನಮೂನೆ ಕೊಟ್ಟಿತು. ಉರ್ದುವಿನ ಜಾಗದಲ್ಲಿ ಕನ್ನಡ ಬಂತು.

ಇದನ್ನೆಲ್ಲ ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಇಂದು ಸಾಫ್ಟ್‌ವೇರ್ ಬದಲಿಸುವಾಗ ಎದುರಾಗುವ ತೊಂದರೆಗಳೆಲ್ಲ ಆಗಲೇ ಕಾಗದದ ಮೇಲೆ ಎದುರಾಗಿದ್ದವು. ಉರ್ದು ಲಿಪಿಯಲ್ಲಿ ಳಕಾರವಿಲ್ಲ, ಣಕಾರವಿಲ್ಲ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಆಳಂದ ಅಲ್ಲಿ ‘ಆಲಂದ’ ಆಗುತ್ತದೆ. ಅದನ್ನು ಮತ್ತೆ ಕನ್ನಡಕ್ಕೆ ತರುವವನಿಗೆ ಊರಿನ ಹೆಸರೇನೋ ಗೊತ್ತಿರುತ್ತದೆ; ಊರಿನ ಪ್ರತಿಯೊಬ್ಬನ ಅಜ್ಜನ ಹೆಸರು ಗೊತ್ತಿರಬೇಕೆಂದೇನೂ ಇಲ್ಲ. ಒಂದು ದಾಖಲೆಯನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ದಾರಿಯಲ್ಲಿ ಕೆಲವು ಅಕ್ಷರ ಉದುರುತ್ತವೆ. ಉದುರಿದ್ದು ಯಾವುದೆಂದು ಗೊತ್ತಾಗುವುದು ಮೂವತ್ತು ವರ್ಷದ ಮೇಲೆ, ಮೊಮ್ಮಗ ಕಚೇರಿಯ ಕಿಟಕಿಯ ಮುಂದೆ ನಿಂತಾಗ.

1991: ಗುಲ್ಬರ್ಗದ ಪ್ರಯೋಗ

ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ಕೆಲಸವನ್ನು ಕೇಂದ್ರ ಸರ್ಕಾರ 1988-89ರಲ್ಲಿ ದೇಶದ 8 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಆರಂಭಿಸಿತು. ಖರ್ಚೆಲ್ಲ ಕೇಂದ್ರದ್ದೇ. ಕರ್ನಾಟಕದಲ್ಲಿ ಮೊದಲ ಪ್ರಯೋಗಕ್ಕೆ ಆಯ್ಕೆಯಾದದ್ದು ಗುಲ್ಬರ್ಗ ಜಿಲ್ಲೆ, 1991ರಲ್ಲಿ. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು.

ಮಂಜೂರಾತಿಯನ್ನು ಓದಿದವರಿಗೆ ಕ್ರಾಂತಿಯೇ ಆಗಿಹೋಯಿತು ಎನಿಸಬೇಕು. ಆಗಲಿಲ್ಲ. ಗಣಕಗಳಿಗೆ ಜಾಗ ಕೊಟ್ಟದ್ದು ಜಿಲ್ಲಾ ಕೇಂದ್ರದಲ್ಲಿ. ಪಹಣಿ ಬದಲಾಗುತ್ತಿದ್ದುದು ತಾಲ್ಲೂಕಿನಲ್ಲಿ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಗ್ರಾಮಲೆಕ್ಕಿಗರ ಪುಸ್ತಕದಲ್ಲಿ. ತಾಲ್ಲೂಕು ಕಚೇರಿಗೆ ಯಂತ್ರ ಕೊಡುವ ಅವಕಾಶವೇ ಆ ಯೋಜನೆಯಲ್ಲಿ ಇರಲಿಲ್ಲ. ಒಮ್ಮೆ ಜಿಲ್ಲೆಯ ಗಣಕಕ್ಕೆ ಸೇರಿದ ಹೆಸರು ಅಲ್ಲೇ ಕುಳಿತಿತು. ಇತ್ತ ಹಳ್ಳಿಯಲ್ಲಿ ಜಮೀನು ಮಾರಾಟವಾಯಿತು, ಯಜಮಾನ ತೀರಿಕೊಂಡ, ಬ್ಯಾಂಕಿನ ಬೋಜಾ ಏರಿತು ಇಳಿಯಿತು. ಗಣಕದ ಪ್ರತಿ ದಿನದಿನಕ್ಕೆ ಹಳಸುತ್ತ ಹೋಯಿತು. ಕಾನೂನಿನ ಕಣ್ಣಿನಲ್ಲಿ ಕೈಬರಹದ ಪುಸ್ತಕವೇ ಸತ್ಯವಾಗಿ ಉಳಿಯಿತು. ರೈತನಿಗಾಗಲೀ ಬ್ಯಾಂಕಿಗಾಗಲೀ ಹಳಸಿದ ಪ್ರತಿಯಿಂದ ಏನು ಪ್ರಯೋಜನ?

ಅಂದರೆ ಆ ಹತ್ತು ವರ್ಷ ಎರಡು ಖರ್ಚು ನಡೆದಿತ್ತು: ಹಳೆಯದನ್ನು ಇಟ್ಟುಕೊಂಡ ಖರ್ಚು, ಹೊಸದನ್ನು ತಂದ ಖರ್ಚು. ಫಲ ಮಾತ್ರ ಹಳೆಯದರಿಂದಲೇ. ಹೊಸ ಗಾಣ ತಂದು ಗೋದಾಮಿನಲ್ಲಿಟ್ಟು ಕಬ್ಬನ್ನು ಹಳೆಯದರಲ್ಲೇ ಅರೆದಂತೆ. ಅಂದು ಯಂತ್ರಗಳ ಬೆಲೆ, ಕಾರ್ಯಕ್ರಮದ ಗುಣಮಟ್ಟ, ಸಿಬ್ಬಂದಿಯ ತರಬೇತಿ ಎಂದು ಹಲವು ಕಾರಣ ಹುಡುಕಬಹುದು. ನನಗೆ ಅವೆಲ್ಲ ಎರಡನೆಯ ಸಾಲಿನವು ಎನಿಸುತ್ತದೆ. ಹೊಸದು ಬಂದ ಮೇಲೆ ಹಳೆಯದನ್ನು ಎಂದು, ಯಾರ ಸಹಿಯಿಂದ ಮುಚ್ಚುತ್ತೇವೆ ಎಂಬ ಪ್ರಶ್ನೆಗೆ ಆ ಯೋಜನೆಯಲ್ಲಿ ಉತ್ತರವಿರಲಿಲ್ಲ.

ಕೈಬರಹ ಅಮಾನ್ಯವಾದ ದಿನ

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ‘ಭೂಮಿ’. 1990ರ ದಶಕದ ಕೊನೆಯಲ್ಲಿ ಕಂದಾಯ ಇಲಾಖೆ ಮತ್ತು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸೇರಿ ಇದನ್ನು ಕಟ್ಟಿದವು. ಮುಂದಾಳತ್ವ ವಹಿಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲ. 2002ರ ಹೊತ್ತಿಗೆ ರಾಜ್ಯದ ಆಗಿನ ಎಲ್ಲ 177 ತಾಲ್ಲೂಕುಗಳಲ್ಲಿ ಅದು ನಡೆಯತೊಡಗಿತ್ತು. ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿಗಳು. ಅದುವರೆಗೆ ಇವುಗಳನ್ನು ಇಟ್ಟುಕೊಂಡಿದ್ದವರು ಸುಮಾರು 9,000 ಗ್ರಾಮಲೆಕ್ಕಿಗರು. ಒಬ್ಬೊಬ್ಬರ ಕೈಯಲ್ಲಿ ಮೂರು ನಾಲ್ಕು ಹಳ್ಳಿ.

ಈ ಬಾರಿ ಗಣಕ ತಾಲ್ಲೂಕು ಕಚೇರಿಗೆ ಹೋಯಿತು. ದಾಖಲೆಗಳನ್ನು ಏರಿಸಿದ ಮೇಲೆ ಮುದ್ರಿತ ಪ್ರತಿಯನ್ನು ಗ್ರಾಮಲೆಕ್ಕಿಗರೇ ಮೂಲದೊಂದಿಗೆ ತಾಳೆ ನೋಡಿದರು. ಒಂದು ತಾಲ್ಲೂಕಿನ ಕೆಲಸ ಮುಗಿದೊಡನೆ ಅಲ್ಲಿ ಕೈಬರಹದ ಪಹಣಿ ಇನ್ನು ಮುಂದೆ ಅಮಾನ್ಯ ಎಂಬ ಅಧಿಸೂಚನೆ ಹೊರಟಿತು. ಸೇತುವೆ ದಾಟಿದ ಮೇಲೆ ಸೇತುವೆಯನ್ನು ಸುಟ್ಟ ಹಾಗೆ. ಗುಲ್ಬರ್ಗದ ಹತ್ತು ವರ್ಷ ಕಲಿಸಿದ ಪಾಠ ಆ ಅಧಿಸೂಚನೆಯ ಒಂದು ವಾಕ್ಯದಲ್ಲಿತ್ತು.

ಖರ್ಚಿನ ಲೆಕ್ಕವನ್ನು ನೋಡೋಣ. ಯೋಜನೆಗೆ ಆದ ವೆಚ್ಚ ಸುಮಾರು 18 ಕೋಟಿ ರೂಪಾಯಿ. 2 ಕೋಟಿ ಪಹಣಿಗೆ ಭಾಗಿಸಿದರೆ ಒಂದಕ್ಕೆ 9 ರೂಪಾಯಿ. ರೈತನಿಂದ ಪಡೆದ ಶುಲ್ಕ ಆಗ ಒಂದು ಪ್ರತಿಗೆ 15 ರೂಪಾಯಿ. ಕಿಟಕಿಯ ಬಳಿ ಎರಡನೆಯ ಪರದೆಯೊಂದನ್ನು ರೈತನ ಕಡೆಗೆ ತಿರುಗಿಸಿ ಇಡಲಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲಿ ತಂತ್ರಾಂಶವೇ ಸಾಲುಗಟ್ಟಿತು. ನಡುವೆ ಒಬ್ಬನನ್ನು ನುಗ್ಗಿಸಲು ಅಧಿಕಾರಿಗೆ ದಾರಿ ಇರಲಿಲ್ಲ. ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಹಿಂದೆ ಪುಸ್ತಕದ ಪುಟದಲ್ಲಿ ಯಾರು ಯಾವಾಗ ತಿದ್ದಿದರು ಎಂದು ಕೇಳಿದರೆ ಶಾಯಿಯ ಬಣ್ಣ ನೋಡಿ ಊಹಿಸಬೇಕಿತ್ತು.

ಬದಲಾವಣೆಯ ಬೆಲೆ ತೂಗುವಾಗ ಈ ಕೊನೆಯ ಅಂಶವೇ ತಕ್ಕಡಿಯನ್ನು ತಗ್ಗಿಸಿತು ಎಂದು ನನ್ನ ಅಭಿಪ್ರಾಯ. ಕೈಬರಹದ ಕೆಲಸವನ್ನೇ ಗಣಕದಲ್ಲಿ ಬೇಗ ಮಾಡಿದ್ದರೆ ಅದು ಬರೀ ಟೈಪ್‌ರೈಟರಿನ ಬದಲಿಯಾಗುತ್ತಿತ್ತು. ಹಳೆಯ ವ್ಯವಸ್ಥೆಯಲ್ಲಿ ಸಾಧ್ಯವೇ ಇಲ್ಲದ ಎರಡು ಕೆಲಸ ಇಲ್ಲಿ ಸಾಧ್ಯವಾದವು: ಸರದಿ ಕಾಯುವುದು, ತಿದ್ದಿದವನ ಗುರುತು ಉಳಿಯುವುದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಅಂಚಿನ ಹಳ್ಳಿಗಳಲ್ಲಿ ಅಧ್ಯಯನ ಮಾಡಿ, ‘ಭೂಮಿ’ ಬಂದ ಮೇಲೆ ಅಧಿಕಾರ ಹಳ್ಳಿಯಿಂದ ತಾಲ್ಲೂಕಿಗೆ ಸರಿಯಿತು, ದೊಡ್ಡ ಭೂವ್ಯವಹಾರದವರಿಗೆ ದಾರಿ ಸುಲಭವಾಯಿತು, ಲಂಚ ತಗ್ಗಲಿಲ್ಲ ಎಂದು ವಾದಿಸಿದರು. ಗ್ರಾಮಲೆಕ್ಕಿಗ ಊರಿನಲ್ಲೇ ಸಿಗುತ್ತಿದ್ದ. ಅವನನ್ನು ಬೈಯಬಹುದಿತ್ತು, ಒಲಿಸಬಹುದಿತ್ತು. ಪರದೆಯನ್ನು ಬೈಯಲಾಗುವುದಿಲ್ಲ. ಬದಲಾವಣೆಯ ಖರ್ಚು ಎಂದರೆ ಸರ್ಕಾರದ ಖಜಾನೆಯಿಂದ ಹೋದದ್ದಷ್ಟೇ ಅಲ್ಲ. ಆಳಂದದವರೆಗೆ ಬಸ್ಸು ಹಿಡಿದು ದಿನದ ಕೂಲಿ ಬಿಟ್ಟು ಬಂದವನ ಖರ್ಚೂ ಅದರಲ್ಲಿ ಸೇರಬೇಕು.

ಹಳೆಯ ಕೋಡಿನೊಳಗಿನ ಗಂಟು

ಸಾಫ್ಟ್‌ವೇರಿನ ಬಗ್ಗೆ ತಿಳಿಯದವರು ಸಾಮಾನ್ಯವಾಗಿ ಕೇಳುವುದು ಇದು: ಹಳೆಯದನ್ನು ಎಸೆದು ಹೊಸದಾಗಿ ಬರೆದರಾಯಿತು, ಅದಕ್ಕೇಕೆ ಇಷ್ಟು ಚರ್ಚೆ? ತಿಳಿದವರೂ ಒಮ್ಮೊಮ್ಮೆ ಹೀಗೆಯೇ ಯೋಚಿಸುತ್ತಾರೆ, ಅದೂ ಇನ್ನೊಬ್ಬರು ಬರೆದದ್ದನ್ನು ಓದಬೇಕಾಗಿ ಬಂದಾಗ.

ಪಹಣಿಯನ್ನೇ ನೋಡಿ. ವಿಸ್ತೀರ್ಣದ ಲೆಕ್ಕ ಎಕರೆ ಮತ್ತು ಗುಂಟೆಯಲ್ಲಿ. 40 ಗುಂಟೆಗೆ ಒಂದು ಎಕರೆ. ಗುಂಟೆಯ ಕೆಳಗೆ ಆಣೆಯ ಲೆಕ್ಕ, 16ರಂತೆ. ಶಾಲೆಯಲ್ಲಿ ಕಲಿತ ದಶಮಾನ ಪದ್ಧತಿಯಲ್ಲಿ ಕೂಡಿಸಲು ಹೋದರೆ ತಪ್ಪುತ್ತದೆ: 1 ಎಕರೆ 30 ಗುಂಟೆಗೆ 20 ಗುಂಟೆ ಸೇರಿದರೆ 2 ಎಕರೆ 10 ಗುಂಟೆ. ಒಟ್ಟು ವಿಸ್ತೀರ್ಣದಿಂದ ಖರಾಬನ್ನು ಕಳೆಯಬೇಕು. ಪೌತಿ ಖಾತೆ, ಪಾಲು ಪಟ್ಟಿ, ಕ್ರಯ, ದಾನ, ಕೋರ್ಟಿನ ತಡೆಯಾಜ್ಞೆ, ಪ್ರತಿಯೊಂದಕ್ಕೂ ಬೇರೆ ದಾರಿ. ಇಂಥ ನೂರಾರು ನಿಯಮಗಳು ವರ್ಷ ವರ್ಷಕ್ಕೆ ಒಂದೊಂದು ಸುತ್ತೋಲೆಯಾಗಿ ಬಂದು ಹಳೆಯ ಕಾರ್ಯಕ್ರಮದೊಳಗೆ ಸೇರುತ್ತವೆ. ಸುತ್ತೋಲೆಯ ಕಾಗದ ಕಳೆದುಹೋಗುತ್ತದೆ, ಬರೆಸಿದ ಅಧಿಕಾರಿ ವರ್ಗವಾಗುತ್ತಾನೆ, ಬರೆದ ಇಂಜಿನಿಯರ್ ನಿವೃತ್ತನಾಗುತ್ತಾನೆ. ನಿಯಮ ಮಾತ್ರ ಆ ಸಾಲುಗಳೊಳಗೆ ಉಸಿರಾಡುತ್ತಿರುತ್ತದೆ. ಹಳೆಯದು ಕೊಳಕಾಗಿ ಕಾಣುವುದಕ್ಕೆ ಅರ್ಧ ಕಾರಣ, ಅದು ಇಷ್ಟನ್ನೆಲ್ಲ ಬಲ್ಲದು ಎಂಬುದೇ. ಹೊಸದಾಗಿ ಬರೆಯುವವರು ಇವನ್ನೆಲ್ಲ ಮತ್ತೆ ಒಂದೊಂದಾಗಿ ಎಡವಿ ಕಲಿಯಬೇಕು; ಎಡವಿದಾಗ ಬೀಳುವವನು ರೈತ.

ಇದು ನಮ್ಮಲ್ಲಿ ಮಾತ್ರವಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲಿನ ಒಂದು ವಾರಾಂತ್ಯದಲ್ಲಿ ತನ್ನ ಎಲ್ಲ ಗ್ರಾಹಕರ ಲೆಕ್ಕವನ್ನು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಒಂದೇ ಬಾರಿಗೆ ಸಾಗಿಸಿತು. ಸೋಮವಾರ ಬೆಳಿಗ್ಗೆ ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆಯೇ ಕಾಣಲಿಲ್ಲ. ಎಲ್ಲ ಸರಿಹೋಗಲು ಡಿಸೆಂಬರ್ ಬಂತು. ಆ ವರ್ಷ ಬ್ಯಾಂಕಿಗೆ ಬಿದ್ದ ಹೊರೆ ಸುಮಾರು 33 ಕೋಟಿ ಪೌಂಡ್. 2022ರಲ್ಲಿ ಅಲ್ಲಿನ ನಿಯಂತ್ರಕರು ಹಾಕಿದ ದಂಡ ಬೇರೆ. ನಮ್ಮ ದೇಶದಲ್ಲೇ 2021ರ ಜೂನಿನಲ್ಲಿ ಆದಾಯ ತೆರಿಗೆಯ ಹೊಸ ಜಾಲತಾಣ ಬಂದಾಗ ತಿಂಗಳುಗಟ್ಟಲೆ ಆದ ಗೋಳು ತೆರಿಗೆ ಕಟ್ಟುವವರಿಗೆ ನೆನಪಿರಬಹುದು. ಅದನ್ನು ಕಟ್ಟಿದ ಕಂಪನಿಯ ಮುಖ್ಯಸ್ಥರನ್ನು ಹಣಕಾಸು ಸಚಿವೆ ದೆಹಲಿಗೆ ಕರೆಸಿ ವಿವರಣೆ ಕೇಳಿದ್ದರು.

ಹಾಗೆಂದು ಹಳೆಯದನ್ನು ಹಾಗೆಯೇ ಬಿಟ್ಟರೆ ಖರ್ಚಿಲ್ಲ ಎಂದಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಕಂಪನಿಗಳಿಗೆ ಅನ್ನ ಹಾಕಿದ ‘ವೈಟುಕೆ’ ಸಮಸ್ಯೆ ಇದೇ ಅಲ್ಲವೇ? ಜಾಗ ಉಳಿಸಲು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 2000 ಬಂದಾಗ ಅದು 1900 ಆಗುವ ಭಯ. ಜಗತ್ತಿಗೆ ಇದರ ವೆಚ್ಚ 30 ಸಾವಿರದಿಂದ 60 ಸಾವಿರ ಕೋಟಿ ಡಾಲರ್ ಆಗಬಹುದೆಂದು ಗಾರ್ಟ್ನರ್ ಸಂಸ್ಥೆ ಅಂದಾಜು ಮಾಡಿತ್ತು. ಹೊಸದಾಗಿ ಬರೆಯಲು ಪುರುಸೊತ್ತು ಇರಲಿಲ್ಲವಾದ್ದರಿಂದ ಅನೇಕ ಕಡೆ ತೇಪೆ ಹಾಕಿದರು: 00ಯಿಂದ 19ರವರೆಗೆ ಬಂದರೆ 2000ದ ಶತಮಾನ, 20ರಿಂದ ಮುಂದೆ 1900ರದ್ದು ಎಂದು ತಿಳಿ ಎಂಬಂಥ ತೇಪೆ. ಅದುವರೆಗೆ ಹೇಗೂ ಯಾರಾದರೂ ಬದಲಿಸಿರುತ್ತಾರೆ ಎಂಬ ನಂಬಿಕೆ. ಬದಲಿಸಿರಲಿಲ್ಲ. 2020ರ ಜನವರಿಯಲ್ಲಿ ಅಂಥ ಕೆಲವು ಕಾರ್ಯಕ್ರಮಗಳು ಮತ್ತೆ ಎಡವಿದವು. ಅದೇ ವರ್ಷದ ಏಪ್ರಿಲಿನಲ್ಲಿ, ಕೋವಿಡ್ ಕಾಲದಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಕೋಬಾಲ್ ಬಲ್ಲವರು ಯಾರಾದರೂ ಇದ್ದರೆ ನೆರವಿಗೆ ಬನ್ನಿ ಎಂದು ಬಹಿರಂಗವಾಗಿ ಕೇಳಿಕೊಂಡರು. ಕೋಬಾಲ್ 1959ರ ಭಾಷೆ. ಯಂತ್ರ ಕೆಟ್ಟಿರಲಿಲ್ಲ, ಅದನ್ನು ಓದಬಲ್ಲವರು ಮುಗಿಯುತ್ತ ಬಂದಿದ್ದರು. ಸೇತ್ವಾರಿನ ಉರ್ದುವಿಗೆ ಬಂದ ಪಾಡೂ ಇದೇ.

ಭೂಮಿಗೂ ವಯಸ್ಸಾಯಿತು

‘ಭೂಮಿ’ಯನ್ನು ಕಟ್ಟುವಾಗ ಬಳಸಿದ್ದು ಮೈಕ್ರೋಸಾಫ್ಟಿನ ವಿಷುಯಲ್ ಬೇಸಿಕ್ ಮತ್ತು ಎಸ್‌ಕ್ಯೂಎಲ್ ಸರ್ವರ್, ಓಡಿದ್ದು ವಿಂಡೋಸ್ ಎನ್‌ಟಿಯ ಮೇಲೆ. ಕನ್ನಡ ಅಕ್ಷರಕ್ಕೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ತಂತ್ರಾಂಶ. ವಿಂಡೋಸ್‌ನೊಳಗೇ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದಕ್ಕೆ ಕಾಯುತ್ತ ಕೂತಿದ್ದರೆ ‘ಭೂಮಿ’ ಹುಟ್ಟುತ್ತಲೇ ಇರಲಿಲ್ಲ. ಆ ದಿನಗಳಲ್ಲಿ ಕನ್ನಡವನ್ನು ಒಬ್ಬೊಬ್ಬರು ಒಂದೊಂದು ರೀತಿಯ ಸಂಕೇತದಲ್ಲಿ ಇಡುತ್ತಿದ್ದರು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಚಿತ್ತಾರವಾಗಿ ಕಾಣುತ್ತಿತ್ತು. ಯುನಿಕೋಡ್ ಬಳಕೆಗೆ ಬರುವ ಮುನ್ನ ಇದು ಎಲ್ಲ ಪತ್ರಿಕಾ ಕಚೇರಿಗಳ ತಲೆನೋವೂ ಆಗಿತ್ತು.

ವಿಂಡೋಸ್ ಎನ್‌ಟಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2004ರ ಕೊನೆಗೆ. ವಿಷುಯಲ್ ಬೇಸಿಕ್ 6ಕ್ಕೆ 2008ರಲ್ಲಿ. ಅಂದರೆ ರಾಜ್ಯದ ಹಳ್ಳಿಗಳೆಲ್ಲ ‘ಭೂಮಿ’ಗೆ ಒಗ್ಗಿಕೊಳ್ಳುವ ಹೊತ್ತಿಗೆ ಅದರ ಅಡಿಪಾಯದ ಕಲ್ಲು ಮಾರುಕಟ್ಟೆಯಲ್ಲಿ ಸಿಗದ ಕಲ್ಲಾಗಿತ್ತು. ಬೆಂಬಲ ನಿಂತಿತೆಂದರೆ ಅಂದೇ ನಿಂತುಹೋಗುತ್ತದೆ ಎಂದಲ್ಲ. ಹೊಸದಾಗಿ ಕಂಡ ಬಿರುಕನ್ನು ಮುಚ್ಚುವವರಿಲ್ಲ ಎಂದು ಅರ್ಥ. ಬದಲಿಸಲೇಬೇಕಾದ ಕೆಲವೇ ಖಚಿತ ಕಾರಣಗಳಲ್ಲಿ ಇದು ಒಂದು. ಕಳ್ಳನಿಗೆ ಗೊತ್ತಿರುವ ಬಾಗಿಲಿಗೆ ಬೀಗ ಮಾಡುವವನು ಅಂಗಡಿ ಮುಚ್ಚಿದ್ದಾನೆ.

ಆದರೂ ‘ಭೂಮಿ’ಯನ್ನು ಒಂದೇ ರಾತ್ರಿಯಲ್ಲಿ ಎತ್ತಿ ಎಸೆಯಲಿಲ್ಲ. ತಾಲ್ಲೂಕು ತಾಲ್ಲೂಕಿನಲ್ಲಿ ಬೇರೆ ಬೇರೆಯಾಗಿದ್ದ ದಾಖಲೆ ಕ್ರಮೇಣ ರಾಜ್ಯದ ದತ್ತಾಂಶ ಕೇಂದ್ರಕ್ಕೆ ಬಂತು. ಪಹಣಿಯನ್ನು ಜಾಲತಾಣದಲ್ಲಿ ನೋಡುವ ದಾರಿ ಬಂತು, ನಾಡಕಚೇರಿಯಲ್ಲಿ ಪಡೆಯುವ ದಾರಿ ಬಂತು. ನೋಂದಣಿಯಾದ ಕ್ರಯದ ವಿವರ ‘ಜೆ ಸ್ಲಿಪ್’ ಆಗಿ ತಂತಿಯ ಮೇಲೇ ತಹಶೀಲ್ದಾರರ ಕಚೇರಿಗೆ ಹರಿಯತೊಡಗಿತು. ಗೋಡೆ ಒಂದೊಂದಾಗಿ ಬದಲಾಯಿತು. ಮನೆಯೊಳಗಿನವರು ಹೊರಗೆ ಬೀಳಲಿಲ್ಲ. ರೈಲ್ವೆಯ ಟಿಕೆಟ್ ವ್ಯವಸ್ಥೆಯೂ ಹೀಗೆಯೇ. 1990ರ ದಶಕದಲ್ಲಿ ಸಿಕಂದರಾಬಾದಿನಿಂದ ಆರಂಭವಾದ ‘ಕಾನ್ಸರ್ಟ್’ ಎಂಬ ತಿರುಳನ್ನು ಉಳಿಸಿಕೊಂಡೇ 2002ರಲ್ಲಿ ಅದರ ಹೊರಗೆ ಜಾಲತಾಣದ ಕಿಟಕಿಯನ್ನು ಕೂರಿಸಿದರು.

ಹೀಗೆ ಒಂದರ ಮೇಲೊಂದು ಕಟ್ಟುತ್ತ ಹೋದಾಗ ಇನ್ನೊಂದು ಸಂಗತಿ ನಡೆಯುತ್ತದೆ. 2018ರ ಬೆಳೆ ಸಾಲ ಮನ್ನಾಕ್ಕೆ ಫಲಾನುಭವಿಗಳನ್ನು ಗುರುತಿಸುವಾಗ ಸರ್ಕಾರ ಆಧಾರ್, ಪಡಿತರ ಚೀಟಿಯ ಜತೆಗೆ ‘ಭೂಮಿ’ಯ ದಾಖಲೆಯನ್ನೂ ತಾಳೆ ಹಾಕಿತು. ಬೆಳೆ ಸಮೀಕ್ಷೆ ಮೊಬೈಲಿಗೆ ಬಂತು, ಅದು ಪಹಣಿಯ ಸರ್ವೆ ನಂಬರಿಗೆ ಜೋಡಣೆಯಾಯಿತು. ‘ಫ್ರೂಟ್ಸ್’ ಎಂಬ ರೈತ ನೋಂದಣಿ ಬಂತು. ಅದರ ಗುರುತಿನ ಸಂಖ್ಯೆ ಇಲ್ಲದೆ ಬೆಂಬಲ ಬೆಲೆಯ ಕೇಂದ್ರದಲ್ಲಿ ತೊಗರಿ ಕೊಡುವುದು ಕಷ್ಟ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಗೂ ಇದೇ ನಿಯಮ. ಇಷ್ಟು ಬಳ್ಳಿಗಳು ಒಂದೇ ಕಂಬಕ್ಕೆ ಹಬ್ಬಿದ ಮೇಲೆ ಕಂಬವನ್ನು ಬದಲಿಸುವ ವೆಚ್ಚ ಕಂಬದ ಬೆಲೆಯಷ್ಟೇ ಆಗಿ ಉಳಿಯುವುದಿಲ್ಲ. ಹಳೆಯದನ್ನು ಬದಲಿಸಲು ಒಳ್ಳೆಯ ಕಾಲ ಯಾವುದು ಎಂದರೆ, ಅದಕ್ಕೆ ಇನ್ನೂ ಹತ್ತು ಬಳ್ಳಿ ಹಬ್ಬುವ ಮುನ್ನ. ಆದರೆ ಆಗ ಬದಲಿಸುವ ತುರ್ತು ಯಾರಿಗೂ ಕಾಣುವುದಿಲ್ಲ.

ಚಿಂಚೋಳಿಯಲ್ಲಿ ಎರಡನೆಯ ಕಾವೇರಿ

ನೋಂದಣಿ ಇಲಾಖೆಯ ಕಥೆ ಬೇರೆ. ಅಲ್ಲಿ ಸಿ-ಡ್ಯಾಕ್ ರೂಪಿಸಿದ ‘ಕಾವೇರಿ’ ಎಂಬ ತಂತ್ರಾಂಶ 2003ರ ಸುಮಾರಿನಿಂದ ಇತ್ತು. ಪತ್ರದ ವಿವರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲೇ ಏರಿಸಬೇಕು, ಶುಲ್ಕದ ಲೆಕ್ಕ ಅಲ್ಲೇ, ಪರಿಶೀಲನೆ ಅಲ್ಲೇ. ಕೊಳ್ಳುವವ, ಮಾರುವವ, ಸಾಕ್ಷಿಗಳು ಎಲ್ಲರೂ ಬೆಳಿಗ್ಗೆಯಿಂದ ಬೆಂಚಿನ ಮೇಲೆ. ಸರ್ವರ್ ನಿಂತರೆ ಊರಿಗೆ ಹೋಗಿ ನಾಳೆ ಬನ್ನಿ.

ಇದಕ್ಕೆ ತೇಪೆ ಹಾಕುವುದರಲ್ಲಿ ಅರ್ಥವಿರಲಿಲ್ಲ, ಏಕೆಂದರೆ ದೋಷ ಇದ್ದದ್ದು ಕೆಲಸದ ಕ್ರಮದಲ್ಲಿ. ‘ಕಾವೇರಿ 2.0’ ಆ ಕ್ರಮವನ್ನೇ ತಿರುಗಿಸಿತು. ಜನರೇ ಮನೆಯಿಂದಲೋ ಸೈಬರ್ ಅಂಗಡಿಯಿಂದಲೋ ವಿವರ ತುಂಬುತ್ತಾರೆ, ದಾಖಲೆ ಮೊದಲೇ ಪರಿಶೀಲನೆಯಾಗುತ್ತದೆ, ಶುಲ್ಕ ಮೊದಲೇ ಸಂದಾಯವಾಗುತ್ತದೆ, ಸಮಯ ನಿಗದಿಯಾಗುತ್ತದೆ. ಕಚೇರಿಯಲ್ಲಿ ಉಳಿಯುವುದು ಫೋಟೊ, ಹೆಬ್ಬೆಟ್ಟು, ಸಹಿ. ಇದನ್ನು ಮೊದಲು ಪ್ರಯೋಗಕ್ಕೆ ಇಟ್ಟದ್ದು 2023ರಲ್ಲಿ, ಬೆಳಗಾವಿ ದಕ್ಷಿಣದಲ್ಲಿ ಮತ್ತು ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ. 1991ರಲ್ಲಿ ಮೊದಲ ಪ್ರಯೋಗ ಕಂಡ ಜಿಲ್ಲೆಯೇ 32 ವರ್ಷಗಳ ನಂತರ ಮತ್ತೆ ಪ್ರಯೋಗಶಾಲೆಯಾಯಿತು. ದೊಡ್ಡ ಪಟ್ಟಣಗಳ ಬದಲು ಕಡಿಮೆ ದಟ್ಟಣೆಯ ಕಚೇರಿಯಲ್ಲಿ ತಪ್ಪುಗಳನ್ನು ಮೊದಲು ಕಾಣುವುದು ಜಾಣತನವೇ. ಆ ತಪ್ಪುಗಳ ಬಿಸಿ ತಗಲುವವರೂ ಆ ತಾಲ್ಲೂಕಿನವರೇ ಎಂಬುದನ್ನು ಮರೆಯಬಾರದು. ಒಂದೊಂದೇ ಕಚೇರಿಯನ್ನು ಹೊಸದಕ್ಕೆ ಸಾಗಿಸುತ್ತ ಕೆಲವೇ ತಿಂಗಳಲ್ಲಿ ರಾಜ್ಯವನ್ನೆಲ್ಲ ಮುಟ್ಟಿದರು.

ಎಲ್ಲ ಕಚೇರಿಗಳ ಕೆಲಸ ಒಂದೇ ಕಡೆಗೆ ಬಂದ ಮೇಲೆ ಹೊಸ ಬಗೆಯ ಅಪಾಯವೂ ಬಂತು. 2025ರ ಜನವರಿ, ಫೆಬ್ರುವರಿಯಲ್ಲಿ ‘ಕಾವೇರಿ 2.0’ ದಿನಗಟ್ಟಲೆ ತೊಡರಿತು. ರಾಜ್ಯದ ಉದ್ದಗಲಕ್ಕೆ ನೋಂದಣಿ ನಿಂತಿತು. ಸುಳ್ಳು ಕೋರಿಕೆಗಳನ್ನು ರಾಶಿ ರಾಶಿಯಾಗಿ ಹರಿಸಿ ಉಸಿರು ಕಟ್ಟಿಸುವ ಸೈಬರ್ ದಾಳಿ ಅದೆಂದು ಸರ್ಕಾರ ಹೇಳಿತು. ಪೊಲೀಸರಿಗೆ ದೂರು ಹೋಯಿತು. ಹಿಂದೆ ಒಂದು ಕಚೇರಿಯ ಯಂತ್ರ ಕೆಟ್ಟರೆ ಒಂದು ತಾಲ್ಲೂಕು ಕಾಯುತ್ತಿತ್ತು. ಈಗ ಅಫಜಲಪುರ, ಜೇವರ್ಗಿ, ಬೆಂಗಳೂರು ಒಟ್ಟಿಗೆ ಕಾದವು.

ತಪ್ಪೂ ಗಣಕ ಏರಿತು

ಸಾಫ್ಟ್‌ವೇರ್ ಬದಲಿಸಿದರೆ ದಾಖಲೆ ಶುದ್ಧವಾಗುತ್ತದೆ ಎಂಬ ಭ್ರಮೆ ಹೆಚ್ಚಿನ ಯೋಜನೆಗಳ ಬೆನ್ನಿಗಿರುತ್ತದೆ. ಪಹಣಿಯ 3ನೇ ಕಾಲಂನಲ್ಲಿ ಆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಇರುತ್ತದೆ; 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, ಅವರವರ ಪಾಲು. ಪಾಲುಗಳ ಮೊತ್ತ ಒಟ್ಟಿಗೆ ಸರಿಹೊಂದಬೇಕು. ಎಷ್ಟೋ ಪಹಣಿಗಳಲ್ಲಿ ಹೊಂದುವುದಿಲ್ಲ. ಕೈಬರಹದ ಕಾಲದಲ್ಲೂ ಹೊಂದಿರಲಿಲ್ಲ. ಆಗ ಗ್ರಾಮಲೆಕ್ಕಿಗನಿಗೆ ಹೊಲ ಗೊತ್ತಿತ್ತು, ಹೊಲದವನು ಗೊತ್ತಿದ್ದ, ವ್ಯತ್ಯಾಸ ಬಾಯಿಮಾತಿನಲ್ಲಿ ನಡೆದುಹೋಗುತ್ತಿತ್ತು. ಗಣಕಕ್ಕೆ ಬಾಯಿಮಾತು ತಿಳಿಯದು. 3 ಮತ್ತು 9 ತಾಳೆಯಾಗದ ಪಹಣಿಗೆ ಸಾಲ ತಡೆಯುತ್ತದೆ, ಪೋಡಿ ತಡೆಯುತ್ತದೆ, ಮಾರಾಟ ತಡೆಯುತ್ತದೆ. ಸರ್ಕಾರ ಇದಕ್ಕೆಂದೇ ತಿದ್ದುಪಡಿ ಆಂದೋಲನಗಳನ್ನು ನಡೆಸಿದೆ. ಅದು ಗಣಕದ ಮುಂದೆ ಕೂತು ಮುಗಿಯುವ ಕೆಲಸವಲ್ಲ. ಹೊಲಕ್ಕೆ ಹೋಗಬೇಕು, ಸರಪಳಿ ಹಿಡಿಯಬೇಕು, ಹಳೆಯ ಮೂಲ ದಾಖಲೆ ಬಿಚ್ಚಬೇಕು, ಅಣ್ಣತಮ್ಮಂದಿರನ್ನು ಒಟ್ಟಿಗೆ ಕೂರಿಸಬೇಕು. ಕೊನೆಯದೇ ಎಲ್ಲಕ್ಕಿಂತ ಕಷ್ಟ ಎನ್ನುವುದು ಹಳ್ಳಿಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ.

ಆ ಮೂಲ ದಾಖಲೆಗಳನ್ನು ಉಳಿಸಲು ಕಂದಾಯ ಇಲಾಖೆ 2024ರ ಜನವರಿಯಲ್ಲಿ ‘ಭೂ ಸುರಕ್ಷಾ’ ಎಂಬ ಯೋಜನೆ ಆರಂಭಿಸಿತು. ಮೊದಲು ಜಿಲ್ಲೆಗೆ ಒಂದರಂತೆ ತಾಲ್ಲೂಕುಗಳ ದಾಖಲೆ ಕೊಠಡಿಗಳನ್ನು ಆರಿಸಿ, ಗಂಟು ಬಿಚ್ಚಿ, ಪುಟ ಪುಟವನ್ನು ಸ್ಕ್ಯಾನ್ ಮಾಡುವ ಕೆಲಸ ಅದು. ಗೆದ್ದಲು, ತೇವ, ಕಳ್ಳಕೈ ಮೂರರಿಂದಲೂ ಕಾಗದ ಉಳಿಯುತ್ತದೆ. ಆದರೆ ಸ್ಕ್ಯಾನ್ ಮಾಡಿದ್ದು ಚಿತ್ರ, ಅಕ್ಷರವಲ್ಲ. ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ. ಕಲಬುರಗಿ ಭಾಗದ ಕಟ್ಟುಗಳಲ್ಲಿ ಫಸಲಿ ವರ್ಷದ, ಉರ್ದು ಮೋಡಿಬರಹದ ಸೇತ್ವಾರುಗಳಿವೆ. ಆ ಚಿತ್ರವನ್ನು ಪರದೆಯ ಮೇಲೆ ತೆರೆದಾಗ ಅದನ್ನು ಓದಿ, ಅಜ್ಜನ ಹೆಸರು ಇದೇ ಎಂದು ಹೇಳಬಲ್ಲ ಒಬ್ಬ ಮನುಷ್ಯ ಕಚೇರಿಯಲ್ಲಿ ಇರಬೇಕಾಗುತ್ತದೆ. ಅಂಥವರು ಪ್ರತಿ ವರ್ಷ ನಿವೃತ್ತರಾಗುತ್ತಿದ್ದಾರೆ.